ಹದಿನಾರನೆಯ ಬೋಲ್ಟು

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಟಾರ್ಕ್ ರೆಂಚು ಕೈಗೆತ್ತಿಕೊಂಡರೆ ಅದರ ಹಿಡಿಕೆಯ ಗೀರುಗಳಲ್ಲಿ ಇನ್ನೂ ಕೆಂಪು. ನೀವಾಗಿದ್ದರೆ ತುಕ್ಕು ಎನ್ನುತ್ತಿದ್ದಿರಿ. ಅದು ತುಕ್ಕಲ್ಲವೆಂದು ನನಗೆ ಗೊತ್ತು.

ಟಾರ್ಕ್ ರೆಂಚು ಎಂದರೆ ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುವ ಸಾಮಾನು. ಹಾಸನದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ನಮ್ಮಪ್ಪನ ಹತ್ತಿರ ಅದಿರಲಿಲ್ಲ. ತೋಳಿನ ಅಂದಾಜೇ ಎಲ್ಲ. ಬಿಗಿ ಮಾಡಿದ ಮೇಲೂ ನನ್ನನ್ನು ಕರೆದು, "ನೀನೂ ಒಂದ್ಸಲ ನೋಡವ್ವ" ಎನ್ನುತ್ತಿದ್ದರು. ಓದದ ಮನುಷ್ಯ, ಅದಕ್ಕೇ ಅನುಮಾನ ಎಂದುಕೊಳ್ಳುತ್ತಿದ್ದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು, ಅದೂ ಮೆಕ್ಯಾನಿಕಲ್ಲು. ಅಮೆರಿಕದ ಫ್ರೀಮಾಂಟಿಗೆ ಬಂದ ಮೇಲೂ ಆ ಹೆಮ್ಮೆ ಇಳಿದಿರಲಿಲ್ಲ.

ಮಗಳು ಸಿಂಚನಳಿಗೆ ನೇರ ಟ್ರ್ಯಾಕಿನಲ್ಲಿ ಕಾರು ಹಾರಿಸುವ ಡ್ರ್ಯಾಗ್ ರೇಸಿನ ಹುಚ್ಚು ಹಿಡಿದಾಗ ಯಜಮಾನರು ಹಳೇ ಕಾರೊಂದನ್ನು ತಂದರು. ಹಿಂದೆಯೇ ಯಾರದೋ ಟ್ರಕ್ಕಿನಿಂದ ಬಿಚ್ಚಿದ ಎಂಟು ಸಿಲಿಂಡರಿನ ಬಿಗ್ ಬ್ಲಾಕ್ ಇಂಜಿನ್ನೂ ಬಂತು, ನಮ್ಮ ಫ್ರಿಜ್ಜಿಗಿಂತ ಭಾರ. ಬಿಚ್ಚಿ ಜೋಡಿಸುವ ಕೆಲಸ ನನ್ನದು.

"ನಾನೂ ಒಂದ್ಸಲ ಚೆಕ್ ಮಾಡ್ಲೇನೇ?" ಎಂದರು ಯಜಮಾನರು.

"ಡಿಗ್ರಿ ಯಾರ್ದು?" ಎಂದೆ. ಆಮೇಲೆ ಅವರು ಗ್ಯಾರೇಜಿಗೆ ಬಂದದ್ದು ಕಾಫಿ ಕೊಡುವುದಕ್ಕಷ್ಟೇ.

ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಇಂಜಿನ್ನಿನಲ್ಲಿ ಪಿಸ್ಟನ್ನಿನ ರಾಡುಗಳನ್ನು ಹಿಡಿದಿಡುವ ಬೋಲ್ಟುಗಳು ಹದಿನಾರು. ಒಂದೊಂದನ್ನೇ ಬಿಗಿ ಮಾಡಿ, ತಲೆಗೆ ಕೆಂಪು ಬಣ್ಣದ ಚುಕ್ಕಿ ಇಡುವುದು ನನ್ನ ಪದ್ಧತಿ. ನಡುವೆ ಆಫೀಸಿನ ಮೀಟಿಂಗು ಬಂದು ಎದ್ದು ಹೋದೆ. ಮಾರನೆಯ ದಿನ ಆಯುಧಪೂಜೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮನೆಯಲ್ಲಿ ಪೂಜೆ ಮುಗಿದಿತ್ತು. ಇಂಜಿನ್ನಿನ ಮೇಲಿನ ಹೂವು ತೆಗೆದು ನೋಡಿದರೆ ಹದಿನಾರಕ್ಕೂ ಚುಕ್ಕಿ. ಮುಗಿಸಿಯೇ ಎದ್ದಿರಬೇಕು ಎಂದುಕೊಂಡು ಇಂಜಿನ್ನಿನ ತಳ ಮುಚ್ಚಿದೆ.

ರೇಸಿನ ಹಿಂದಿನ ದಿನ. ಇಂಜಿನ್ನು ಕಾರಿನಲ್ಲಿ ಕೂತು ಒಮ್ಮೆ ಗುಡುಗಿಯೂ ಆಗಿತ್ತು. ಸಿಂಚನ ಫೋನಿನಲ್ಲಿ ಪೂಜೆಯ ಫೋಟೋ ತೋರಿಸಿದಳು. "ಅಮ್ಮಾ, ಲುಕ್! ಅಜ್ಜಿ ಎಲ್ಲಾ ಬೋಲ್ಟ್‌ಗೂ ಬೊಟ್ಟು! ಸೋ ಕ್ಯೂಟ್!"

ಮಂಡ್ಯದಿಂದ ಬಂದಿದ್ದ ಅತ್ತೆ ಸೋಫಾದಿಂದಲೇ, "ಒಂದ್ನೂ ಬುಡ್ದಂಗೆ ಇಟ್ಟಿವ್ನಿ ಕಣವ್ವ, ಎಣ್ಣೇಲಿ ಕಲಸಿ. ನಿನ್ ರೆಂಚಿಗೂವೆ. ಮಗಾ ಕೂರೋ ಗಾಡಿ ಅಲ್ವಾ?" ಎಂದರು.

ಯಾವುದು ನನ್ನ ಬಣ್ಣ, ಯಾವುದು ಅತ್ತೆಯ ಕುಂಕುಮ? ಒಂದೇ ಒಂದು ಸಡಿಲವಿದ್ದರೂ ಸಾಕು: ರಾಡು ಇಂಜಿನ್ನನ್ನು ಸೀಳಿ ಹೊರಬರುತ್ತದೆ, ಎಣ್ಣೆ ಚಕ್ರದಡಿ, ಕಾರು ಗೋಡೆಗೆ. ಒಳಗೆ ನನ್ನ ಮಗಳು. ಇಷ್ಟು ತಿಳಿದೂ ಅರ್ಧ ಗಂಟೆ ಬಾಯಿ ಬಿಡಲಿಲ್ಲ ನಾನು. ಸ್ಟಾರ್ಟ್ ಆಯಿತಲ್ಲ, ಸರಿಯಾಗಿಯೇ ಇರಬೇಕು ಎಂದುಕೊಳ್ಳುತ್ತ ಲೋಟ ತೊಳೆದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಅಲ್ಲಿ ಸಿಂಚನ ಹಾಡು ಗುನುಗುತ್ತ ಹೆಲ್ಮೆಟ್ಟು ಒರೆಸುತ್ತಿದ್ದಳು.

"ನಾಳೆ ಹೋಗೋದು ಬೇಡ," ಎಂದೆ ಕೊನೆಗೆ. "ಎಲ್ಲಾ ಬಿಗಿ ಮಾಡಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ."

ಯಾರೂ ಬೈಯಲಿಲ್ಲ. ಯಜಮಾನರು ಡಿಗ್ರಿಯ ಮಾತನ್ನೇ ಎತ್ತಲಿಲ್ಲ, ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಇಂಜಿನ್ನು ಮತ್ತೆ ಹೊರಗೆ ಬಂತು. ಈ ಸಲ ರೆಂಚು ಯಜಮಾನರ ಕೈಯಲ್ಲಿ. ಹದಿನೈದು ಬೋಲ್ಟುಗಳು ಮುಟ್ಟಿದೊಡನೆ ಟಕ್ ಎಂದವು. ನನಗೆ ನಗು ಬರುವುದರಲ್ಲಿತ್ತು. ಹದಿನಾರನೆಯದು ಸುಮ್ಮನೆ ತಿರುಗಿತು. ಇನ್ನೂ ತಿರುಗಿತು.

ಅದಾಗಿ ಎಷ್ಟೋ ವರ್ಷವಾಯಿತು. ಇವತ್ತು ಅದೇ ಇಂಜಿನ್ನು ಮತ್ತೆ ತಲೆಕೆಳಗಾಗಿ ಸ್ಟ್ಯಾಂಡಿನ ಮೇಲಿದೆ. ಹದಿನಾರನ್ನೂ ಬಿಗಿ ಮಾಡಿ, ರೆಂಚನ್ನು ಸಿಂಚನಳತ್ತ ಚಾಚಿದೆ.

"ನೀನೂ ಒಂದ್ಸಲ ನೋಡವ್ವ."

"ಅಮ್ಮಾ, ಯು ಜಸ್ಟ್ ಡಿಡ್ ಇಟ್!"

"ನೋಡೇ."

ಮೊದಲನೆಯದಕ್ಕೆ ರೆಂಚು ಹಾಕಿದಳು. ಟಕ್ ಎನ್ನುವವರೆಗೆ ನಾನು ಉಸಿರಾಡಲಿಲ್ಲ. ಇನ್ನು ಹದಿನೈದಿವೆ.