ವಾರ್ಡನ್ನರ ತಲೆಯಲ್ಲಿ ಕೊಟ್ಟ ಪರೀಕ್ಷೆ

ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದ್ದು ತಲೆಯಿಂದಲೇ. ಆದರೆ ತಲೆಯ ಒಳಗಿದ್ದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಫುಟ್‌ಬಾಲ್ ಕೋಟಾ. ನಾನು ಡಿಫೆಂಡರ್, ಎತ್ತರದಲ್ಲಿ ಬಂದ ಚೆಂಡನ್ನೆಲ್ಲ ಹಣೆ ಕೊಟ್ಟು ವಾಪಸ್ ಕಳಿಸುವುದು ನನ್ನ ಕೆಲಸ. "ಹೋಗ್ಲಿ ಬಿಡು, ಎಲ್ಲೋ ಒಂದು ಕಡೆ ತಲೆ ಉಪಯೋಗಿಸ್ತಾನಲ್ಲ" ಎಂದು ದೆಹಲಿಯ ಲಕ್ಷ್ಮೀ ನಗರದ ಮನೆಯಲ್ಲಿ ಅಮ್ಮ ಸಮಾಧಾನಪಟ್ಟುಕೊಂಡಿದ್ದಳು. ಟೀಮಿನಿಂದ ಹೊರಬಿದ್ದರೆ ಸೀಟೂ ಹೋಗುತ್ತದೆ ಎಂಬ ಕಾಗದಕ್ಕೆ ಮೊದಲ ದಿನವೇ ನನ್ನಿಂದ ಸಹಿ ಹಾಕಿಸಿಕೊಂಡಿದ್ದರು.

ಸೀಸನ್ನಿಗೆ ಮುಂಚೆ ಟೀಮಿನ ಫಿಸಿಯೋ ಲ್ಯಾಪ್‌ಟಾಪ್ ಹಿಡಿದು ಬಂದರು. ಮೈಸೂರಿನವರು. ಇಡೀ ಕ್ಯಾಂಪಸ್ಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ, ಹಾಗಾಗಿ ನನಗೆ ಅಕ್ಕ. ಪರದೆಯ ಮೇಲೆ ಬಣ್ಣ ಮೂಡಿದ ಕೂಡಲೇ ಬಟನ್ ಒತ್ತಬೇಕು. ಹತ್ತು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಸಬೇಕು. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು. ಚೆಂಡು ಬಡಿದೂ ಬಡಿದೂ ತಲೆಗಾಗುವ ಸಣ್ಣ ಪೆಟ್ಟು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಂತೆ. ಮುಂದೆ ಅನುಮಾನ ಬಂದರೆ ಮತ್ತೆ ಪರೀಕ್ಷೆ ಮಾಡಿ, ಹೊಸ ಅಂಕವನ್ನು ಇವತ್ತಿನ ಅಂಕದ ಪಕ್ಕ ಇಟ್ಟು ನೋಡುತ್ತಾರಂತೆ; ಇಳಿದಿದ್ದರೆ ಆಟದಿಂದ ಹೊರಗೆ ಕೂರಿಸುತ್ತಾರಂತೆ.

ಸಾಲಿನಲ್ಲಿ ನಿಂತಾಗ ಸೀನಿಯರ್ ಗೋಲ್‌ಕೀಪರ್ ನನ್ನ ಕಿವಿಗೆ ಬಾಯಿಟ್ಟ. ನಮ್ಮ ಟೀಮಿನಲ್ಲಿ ಈ ಉಪದೇಶ ವರ್ಷದಿಂದ ವರ್ಷಕ್ಕೆ ಜರ್ಸಿಯ ಹಾಗೆ ಕೈ ಬದಲಾಯಿಸುತ್ತದೆ.

"ಪಾಗಲ್, ಇವತ್ತು ಹುಷಾರಿ ತೋರಿಸಿದ್ರೆ ನಾಳೆ ಸಿಕ್ಕಿಬೀಳ್ತೀಯ. ಇವತ್ತೇ ದಡ್ಡನಾಗಿಬಿಡು. ಆಮೇಲೆ ಎಷ್ಟು ದಡ್ಡನಾದ್ರೂ ಪಾಸ್!"

ಸುಮ್ಮನೆ ದಡ್ಡನಾಗುವುದು ನನ್ನಂಥ ಮಿಮಿಕ್ರಿ ಕಲಾವಿದನಿಗೆ ಅವಮಾನ. ನಾನು ಹಾಸ್ಟೆಲ್ ವಾರ್ಡನ್ ಆದೆ. ರೂಮ್ ನಂಬರ್ ಕೇಳಿ, ಬರೆದುಕೊಂಡು, ತಲೆಯೆತ್ತಿ "ಬೇಟಾ, ರೂಮ್ ನಂಬರ್?" ಎನ್ನುವ ಮಹಾನುಭಾವರು ಅವರು. ಬಣ್ಣ ಬಂದು ಹೋದ ಮೇಲೆ ಬಟನ್ ಹುಡುಕಿದೆ. ಹತ್ತರಲ್ಲಿ ನಾಲ್ಕು ಪದ ಹೇಳಿದೆ. ಅದರಲ್ಲೊಂದು ಪಟ್ಟಿಯಲ್ಲೇ ಇರಲಿಲ್ಲ. ಕಿಟಕಿಯಾಚೆ ಟೀಮಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಚಳಿಗಾಲದಲ್ಲಿ ದಿನಾ ಕಾರ್ನರ್ ಕಿಕ್ ಅಭ್ಯಾಸ, ಮೂಲೆಯಿಂದ ಹಾರಿ ಬಂದ ಚೆಂಡಿಗೆಲ್ಲ ನನ್ನ ಹಣೆ. ಸಂಜೆಯಾದರೆ ಹಣೆಯ ಹಿಂದೆ ಒಂದು ಭಾರ. ಒಂದು ದಿನ ಮೆಸ್ಸಿನಲ್ಲಿ ಕೋಚ್ ಬೈಯುವುದನ್ನು ಮಾಡಿ ತೋರಿಸುತ್ತಿದ್ದೆ. ನೂರು ಸಲ ಮಾಡಿದ ಐಟಂ. ಕೈ ಎತ್ತಿದೆ, ಬಾಯಿ ತೆರೆದೆ, ಮುಂದಿನ ಮಾತು ಬರಲಿಲ್ಲ. ಹುಡುಕಿದೆ. ಇರಲಿಲ್ಲ. ಅದೂ ನಟನೆಯೆಂದುಕೊಂಡು ಎಲ್ಲರೂ ತಟ್ಟೆ ಬಡಿದು ನಕ್ಕರು. "ಕ್ಯಾ ಟೈಮಿಂಗ್ ಹೈ ಯಾರ್!" ನಾನು ಬಾಗಿ ನಮಸ್ಕಾರ ಮಾಡಿದೆ. ಇನ್ನೇನು ಮಾಡಲಿ? ಭಾನುವಾರ ಮೊಸರು ತರಲು ಹೋಗಿ ಅಂಗಡಿಯ ಮುಂದೆ ಹಾಗೇ ನಿಂತೆ. "ಭಯ್ಯಾ, ನನಗೇನು ಬೇಕಿತ್ತು?" ಅಂದೆ. ಅವನೂ ನಕ್ಕ.

ಮೂರು ವಾರ ಕಳೆದ ಮೇಲೆ ಅಕ್ಕನ ಕೋಣೆಗೆ ಹೋದೆ. ತಲೆನೋವೆಂದು ಬಾಯಿಬಿಟ್ಟರೆ ಅಂದೇ ಆಟದಿಂದ ಹೊರಗೆ ಕೂರಿಸುತ್ತಾರೆಂದು ಗೊತ್ತಿತ್ತು. "ಸುಮ್ನೆ ಒಂದ್ಸಲ ಚೆಕ್ ಮಾಡಿ ಅಕ್ಕಾ" ಅಂದೆ. ನನ್ನ ಪರವಾಗಿ ಲ್ಯಾಪ್‌ಟಾಪೇ ನಿಜ ಹೇಳಿಬಿಡಲಿ ಎಂಬ ಆಸೆ. ಈ ಸಲ ಯಾರ ವೇಷವೂ ಇಲ್ಲದೆ, ಹಲ್ಲು ಕಚ್ಚಿ ಬಟನ್ ಒತ್ತಿದೆ.

"ನೋಡು, ಅವತ್ತಿನಷ್ಟೇ ಬಂದಿದೆ. ಒಂಚೂರು ಜಾಸ್ತಿನೇ. ಶನಿವಾರ ಆರಾಮಾಗಿ ಆಡು, ಹೋಗು."

ಬಾಗಿಲ ತನಕ ಹೋದೆ. ಪೂರ್ತಿ ದಮ್ ಕಟ್ಟಿ ಪರೀಕ್ಷೆ ಕೊಟ್ಟರೂ ನಾನು ನಟಿಸಿದ ವಾರ್ಡನ್ನರಿಗಿಂತ ಒಂದೇ ಹೆಜ್ಜೆ ಮುಂದಿದ್ದೆ. ವಾಪಸ್ ತಿರುಗಿದೆ.

"ಅಕ್ಕಾ, ಅವತ್ತು ಪರೀಕ್ಷೆ ಕೊಟ್ಟಿದ್ದು ನಾನಲ್ಲ. ವಾರ್ಡನ್."

"ಏಯ್, ಹೋಗೋ! ಶುರು ಮಾಡ್ದ್ಯಾ ಮತ್ತೆ?"

"ನಿಜವಾಗ್ಲೂ."

ಅಕ್ಕ ಇನ್ನೂ ಜೋರಾಗಿ ನಕ್ಕರು. ತಪ್ಪು ಅವರದಲ್ಲ, ಜೋಕಿಗೆ ಮುಂಚೆ ನಾನು ಮುಖ ಗಂಭೀರ ಮಾಡಿಕೊಳ್ಳುವುದು ಇಡೀ ಕಾಲೇಜಿಗೆ ಗೊತ್ತು. ಗಂಭೀರವಾಗುವುದಕ್ಕೆ ಬೇರೆ ಮುಖ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ ನಿಂತು ಎಲ್ಲ ಹೇಳಿದೆ: ತಲೆನೋವು, ಮೆಸ್ಸು, ಮೊಸರು. ನಗು ನಿಂತಿತು.

"ಇನ್ನು ಯಾರ್ಯಾರು ಹೀಗೆ ಮಾಡಿದ್ದೀರಿ?"

ನಾನು ಬೂಟು ನೋಡಿಕೊಂಡೆ. ಅಕ್ಕನಿಗೆ ಅಷ್ಟು ಸಾಕಾಯಿತು.

"ನಿಜವಾಗಿ ಮಾಡಿದ್ರೆ ಎಷ್ಟು ಬರ್ತಿತ್ತು ಆಗ?"

"ಗೊತ್ತಿಲ್ಲ ಅಕ್ಕಾ."

"ಹಾಗಾದ್ರೆ ಎಷ್ಟು ಹೋಗಿದೆ ಅಂತ ನನಗೆ ಹೇಗೋ ಗೊತ್ತಾಗ್ಬೇಕು? ನಾಳೆ ಡಾಕ್ಟರ್ ಹತ್ರ ಹೋಗೋಣ. ಅವರಿಗೆ ತಾನೇ ಏನಂತ ತೋರಿಸ್ಲಿ?"

ಅಕ್ಕ ನನ್ನ ಫೈಲಿನಲ್ಲಿ ಹಳೆಯ ಅಂಕದ ಮೇಲೆ ಗೀಟು ಎಳೆದು ಇವತ್ತಿನದನ್ನು ಬರೆದರು. ಇನ್ನು ಮುಂದೆ ಇದರಿಂದಲೇ ಲೆಕ್ಕ. ಇದಕ್ಕಿಂತ ಮೇಲೆ ಹೋಗುತ್ತದಾ ಎಂದು ಕೇಳಿದೆ. "ನೋಡೋಣ" ಎಂದು ಕೋಚ್‌ಗೆ ಫೋನ್ ಹಚ್ಚಿದರು. "ನಾಟಕ್ ಕರ್ ರಹಾ ಹೈ!" ಎಂಬ ಗುಡುಗು ನನ್ನ ತನಕ ಕೇಳಿಸಿತು.

ಡಾಕ್ಟರು ಸದ್ಯಕ್ಕೆ ಚೆಂಡು ಮುಟ್ಟಬೇಡ ಎಂದಿದ್ದಾರೆ. ಸೀಟಿನ ವಿಷಯ ಇನ್ನೂ ಯಾರೂ ಏನೂ ಹೇಳಿಲ್ಲ. ಶನಿವಾರ ಮೈದಾನದ ಗೆರೆಯ ಈಚೆ ಕೂತು ಮ್ಯಾಚ್ ನೋಡಿದೆ. ಕಾರ್ನರ್ ಬಂತು, ನನ್ನ ಜಾಗದಲ್ಲಿದ್ದವನು ನೆಗೆದು ಹಣೆ ಕೊಟ್ಟ. ಟಪ್ಪೆಂದ ಶಬ್ದ ನಾನು ಕೂತಲ್ಲಿಗೂ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು.