ಹುಲ್ಡಾ ವಿಂಚೆಲ್ ಮತ್ತು ಗೋಡೆಯಾಚೆಯ ಅಪ್ಪ

ಹುಲ್ಡಾ ವಿಂಚೆಲ್ ನಮ್ಮ ವೆಸ್ಟ್ ಹಾರ್ಲೋದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಹಿಮ ಬಿದ್ದ ದಿನ ಬಸ್ಸು ಹಳ್ಳಕ್ಕೆ ಜಾರಿದರೂ ಹೆದರುವವಳಲ್ಲ, ಯಾರಾದರೂ ಬಂದು ಎಳೆಯುವವರೆಗೆ ಮಕ್ಕಳಿಂದ ಹಾಡು ಹೇಳಿಸುತ್ತ ಕೂತಿರುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದ ಗಂಡುಗಳೆಲ್ಲಾ ಗಾಡಿ ನಿಧಾನಕ್ಕೆ ಓಡ್ಸೋರು ಕಣ್ರೀ" ಅನ್ನುತ್ತಿದ್ದಳು. ಗಂಡಸರ ಬೂಟು, ದಪ್ಪ ದನಿ, ಬೀದಿಯ ತುದಿಗೆ ಕೇಳುವ ನಗು. ನನಗಂತೂ ಅವಳೆಂದರೆ ಪ್ರಾಣ.

ನನ್ನ ಗಂಡ ಅಸಹೇಲ್ ವಿಂಚೆಲ್ ಅವಳಿಗೆ ದೂರದ ಅಣ್ಣನಾಗಬೇಕು. ಆಗುತ್ತಾನೋ ಇಲ್ಲವೋ ಎನ್ನುವುದೇ ಜಗಳ.

ನಮ್ಮೂರಿನ ವಿಂಚೆಲ್‌ಗಳೆಲ್ಲ ಕ್ಯಾಪ್ಟನ್ ಜೋಬ್‌ನ ಸಂತಾನ. ಇಂಗ್ಲೆಂಡಿನ ರಾಜ ಇನ್ನೂ ನಮ್ಮನ್ನು ಆಳುತ್ತಿದ್ದ ಕಾಲದವನು ಆತ. ಗುಡ್ಡದ ಮೇಲೆ ಅವನ ವಂಶದವರನ್ನು ಮಾತ್ರ ಹೂಳುವ ಜಾಗವಿದೆ, ಸುತ್ತ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಒಳಗೆ ಯಾರು, ಹೊರಗೆ ಯಾರು ಎಂದು ಹೇಳುವ ದೊಡ್ಡಸ್ತಿಕೆ ನನ್ನ ಗಂಡನ ಮನೆಯವರದು.

ಅಸಹೇಲನ ಅಜ್ಜನಿಗೆ ವಯಸ್ಸಾದ ಮೇಲೆ ವಂಶದ ಬೇರು ಹುಡುಕುವ ಹುಚ್ಚು ಹತ್ತಿತು. ಹಳೆಯ ಮನೆಯ ಬಾಗಿಲ ಕಲ್ಲಿನ ಮೇಲೆ ಕ್ಯಾಪ್ಟನ್ ಮತ್ತು ಅವನ ಹೆಂಡತಿ ಪೇಶನ್ಸ್ ಮದುವೆಯಾದ ತಿಂಗಳು ಕೆತ್ತಿದೆ: ಏಪ್ರಿಲ್ ೧೭೩೧. ಅವರ ಹಿರಿಮಗ ಎಲ್ನಾಥನ್ ಮಲಗಿದ ತೊಟ್ಟಿಲಿನ ಮೇಲೆ ಅವನು ಹುಟ್ಟಿದ ತಿಂಗಳಿದೆ: ಫೆಬ್ರವರಿ ೧೭೩೧. ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದರು. ಮದುವೆಗೆ ಮುಂಚೆಯೇ ಮಗು! ಕ್ಯಾಪ್ಟನ್ ಈ ಊರಿಗೆ ಕಾಲಿಟ್ಟದ್ದೇ ಮದುವೆಯ ಹಿಂದಿನ ತಿಂಗಳು. ಹಾಗಾದರೆ ಎಲ್ನಾಥನ್ ಬೇರೆ ಯಾರಿಗೋ ಹುಟ್ಟಿದವನು, ಬಹುಶಃ ಮನೆಮನೆಗೆ ಸೂಜಿ ಮಾರಲು ಬರುತ್ತಿದ್ದವನಿಗೆ ಎಂದು ತೀರ್ಪು ಕೊಟ್ಟೇಬಿಟ್ಟರು. ಸೂಜಿ ಮಾರುವವನನ್ನು ಅವರು ಎಲ್ಲಿಂದ ತಂದರೋ ದೇವರಿಗೇ ಗೊತ್ತು.

ಹುಲ್ಡಾ ಎಲ್ನಾಥನ್ನನ ಕವಲಿನವಳು. ಆ ತೀರ್ಪಾದ ಮೇಲೆ ಆ ಕವಲಿನಲ್ಲಿ ಮೊದಲು ಸತ್ತವನು ಅವಳ ಅಪ್ಪ ಲೇವಿ. ಅಜ್ಜ ಗೇಟು ತೆಗೆಯಲಿಲ್ಲ. ಲೇವಿಯನ್ನು ಗೋಡೆಯಾಚೆ, ರಸ್ತೆಯ ಪಕ್ಕದಲ್ಲಿ ಹೂಳಿದರು. ಹುಲ್ಡಾ ಆಗ ಸಣ್ಣ ಹುಡುಗಿ.

ಆದರೂ ಪ್ರತಿ ಆಗಸ್ಟಿನಲ್ಲಿ ವಿಂಚೆಲ್‌ಗಳು ಸೇರುವ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಅವಳೇ. ಬ್ಲೂಬೆರಿ ಹಣ್ಣು ತುಂಬಿ ಬೇಯಿಸಿದ ದೊಡ್ಡದೊಂದು ಪೈ ಮೇಜಿನ ಮೇಲಿಟ್ಟು, "ತಿನ್ರಪ್ಪಾ, ಸೂಜಿ ಮಾರೋನ ಮನೆ ಪೈ, ಹುಷಾರು, ಚುಚ್ಚತ್ತೆ" ಎಂದು ಕೂಗುತ್ತಿದ್ದಳು. ಎಲ್ಲರೂ ತಿಂದ ಮೇಲೆ ಅಸಹೇಲನ ಬಳಿ ಬಂದು ಕೇಳುತ್ತಿದ್ದಳು.

"ಅಸಹೇಲಣ್ಣ, ನಮ್ಮಪ್ಪನ್ನ ಈ ವರ್ಷನಾದ್ರೂ ಒಳಗೆ ಸೇರಿಸ್ಕೋತೀಯಾ?"

"ಕಲ್ಲಲ್ಲಿ ಕೆತ್ತಿರೋದನ್ನ ನಾನು ಅಳಿಸೋಕಾಗತ್ತಾ ಹುಲ್ಡಾ?"

"ಆಯ್ತು ಬಿಡು, ಮುಂದಿನ ವರ್ಷ ಮತ್ತೆ ಕೇಳ್ತೀನಿ."

ನಗುತ್ತಲೇ ಹೋಗುತ್ತಿದ್ದಳು. ಒಮ್ಮೆ ಮಾತ್ರ ನಾನು ಗುಡ್ಡದ ದಾರಿಯಲ್ಲಿ ಬರುವಾಗ, ಅಪ್ಪನ ಸಮಾಧಿಯ ಕಳೆ ಕೀಳುತ್ತ ಬಿಕ್ಕಿಬಿಕ್ಕಿ ಅಳುತ್ತಿದ್ದುದನ್ನು ಕಂಡೆ. ಅಂದು ಮನೆಗೆ ಬಂದು ಗಂಡನಿಗೆ ಊಟ ಬಡಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಒಂದು ವರ್ಷದ ಬೇಸಿಗೆಯಲ್ಲಿ ಹಳೆಯ ಪ್ರಾರ್ಥನಾ ಮನೆಯಲ್ಲೇ ಎಲ್ಲರೂ ಸೇರುವುದೆಂದಾಯಿತು. ಜೇಡರ ಬಲೆ ಹೊಡೆಯಲು ಹುಲ್ಡಾ ಏಣಿ ಹತ್ತಿದಳು. ಸ್ವಲ್ಪ ಹೊತ್ತಿಗೆಲ್ಲ ತಲೆತುಂಬ ಧೂಳು ಹೊತ್ತುಕೊಂಡು ನಮ್ಮ ಅಡುಗೆಮನೆಗೆ ನುಗ್ಗಿದಳು.

"ಅತ್ತಿಗೆ, ಸ್ವಲ್ಪ ಸೇಬಿನ ಸೈಡರ್ ಕೊಡಿ. ಅಸಹೇಲಣ್ಣ, ಕ್ಯಾಪ್ಟನ್ ಸತ್ತಿದ್ದು ಯಾವಾಗ?"

"ಜನವರಿ, ಸಾವಿರದ ಏಳುನೂರ ನಲವತ್ತು. ಸಮಾಧಿ ಮೇಲಿದೆಯಲ್ಲ."

"ಪ್ರಾರ್ಥನಾ ಮನೆ ತೊಲೆ ಎತ್ತಿಸಿದ್ದು ಯಾರು?"

"ಅವರೇ! ಊರಿಗೆಲ್ಲಾ ಗೊತ್ತು."

"ತೊಲೆ ಮೇಲೆ ಅವರ ಹೆಸರು ಕೆತ್ತಿದೆ, ಅಕ್ಟೋಬರ್ ಅಂತಿದೆ. ಅದೇ ನಲವತ್ತನೇ ಇಸವಿ! ಜನವರೀಲಿ ಸತ್ತೋರು ಅಕ್ಟೋಬರಲ್ಲಿ ತೊಲೆ ಹೊತ್ರಾ? ಯಾಕಣ್ಣ, ಮಣ್ಣಲ್ಲಿ ಮಲಗಿ ಬೇಜಾರಾಯ್ತಂತಾ?"

ನಾನು ನಕ್ಕೆ. ಅಸಹೇಲ್ ನಗಲಿಲ್ಲ. ಎಲ್ನಾಥನ್ ಯಾರ ಮಗನಾದರೂ ಆಗಲಿ, ಕ್ಯಾಪ್ಟನ್ ತೊಲೆ ಎತ್ತಿಸಲಿಲ್ಲ ಎಂದರೆ ಅವನಿಗೆ ತಡೆಯಲಾಗುವುದಿಲ್ಲ. ಟೋಪಿ ಹಾಕಿಕೊಂಡು ನೆಟ್ಟಗೆ ಪಾದ್ರಿಯ ಮನೆಗೆ ನಡೆದ. ಬರುವಾಗ ಮುಖ ಬಿಳಿಚಿತ್ತು. ಬುಟ್ಟಿಯಿಂದ ಸೇಬು ತೆಗೆದು ಮೇಜಿನ ಮೇಲೆ ಸಾಲಾಗಿ ಇಡತೊಡಗಿದ.

"ಏನ್ರೀ ಇದು, ಪೈ ಮಾಡೋಕೆ ತಂದಿರೋದು!"

"ಸುಮ್ನಿರೇ. ಈ ಮೊದಲ್ನೇ ಸೇಬು ಮಾರ್ಚ್. ಪಾದ್ರಿ ಹೇಳಿದ್ರು, ರಾಜನ ಕಾಲದಲ್ಲಿ ಹೊಸ ವರ್ಷ ಶುರುವಾಗ್ತಿದ್ದದ್ದು ಜನವರೀಲಲ್ಲ, ಮಾರ್ಚ್ ಕೊನೇಲಿ. ಅಂದ್ರೆ ಜನವರಿ, ಫೆಬ್ರವರಿ ಬರೋದು ಅದೇ ಇಸವಿ ಬಾಲದಲ್ಲಿ." ಕೊನೆಯಲ್ಲಿದ್ದ ಸೇಬುಗಳನ್ನು ಮುಟ್ಟಿದ. "ಕ್ಯಾಪ್ಟನ್ ಅಕ್ಟೋಬರಲ್ಲಿ ತೊಲೆ ಎತ್ತಿಸಿ, ಆಮೇಲೆ ಬಂದ ಜನವರೀಲಿ ಸತ್ತಿದಾರೆ."

ಹುಲ್ಡಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅವಳು ಏಪ್ರಿಲ್ ಸೇಬಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿಂದ ಒಂದೊಂದೇ ಸೇಬು ಮುಟ್ಟುತ್ತ ಫೆಬ್ರವರಿಯವರೆಗೆ ಹೋದಳು.

"ಏಪ್ರಿಲಲ್ಲಿ ಮದುವೆ," ಎಂದಳು ಮೆಲ್ಲಗೆ. "ಹತ್ತು ತಿಂಗಳಾದ ಮೇಲೆ ಮಗು."

"ಹೌದು," ಎಂದ ಅಸಹೇಲ್. "ಎಲ್ನಾಥನ್ ಕ್ಯಾಪ್ಟನ್ ಮಗನೇ. ಆ ಕಾಲದಲ್ಲಿ ಯಾರೂ ಅವನನ್ನ ಬೇರೆಯವನು ಅಂದಿರ್ಲಿಲ್ಲ. ಅಂದಿದ್ದು ನಮ್ಮಜ್ಜ."

ನನ್ನ ಗಂಡ ಹಟಮಾರಿ, ಒಪ್ಪುತ್ತೇನೆ. ಆದರೆ ಆ ಆಗಸ್ಟಿನಲ್ಲಿ ಅಷ್ಟೂ ನೆಂಟರ ಮುಂದೆ ಎದ್ದು ನಿಂತು, ಅಜ್ಜನ ತಪ್ಪನ್ನೂ ಅದನ್ನು ಕಾಯ್ದುಕೊಂಡು ಬಂದ ತನ್ನ ತಪ್ಪನ್ನೂ ಬಾಯಿಬಿಟ್ಟು ಹೇಳಿದ. ಅಂದು ಅವನನ್ನು ಮದುವೆಯಾದದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಆಮೇಲೆ ಅವನು ಹುಲ್ಡಾಳ ಕಡೆ ತಿರುಗಿದ.

"ಲೇವಿ ಚಿಕ್ಕಪ್ಪನ್ನ ಅಲ್ಲಿಂದ ತೆಗೆದು ಒಳಗೆ ತರ್ತೀವಿ. ಕ್ಯಾಪ್ಟನ್ ಪಕ್ಕದಲ್ಲೇ ಜಾಗ ಇದೆ."

ಹುಲ್ಡಾ ಬೇಡವೆಂದು ತಲೆಯಾಡಿಸಿದಳು. "ಬೇಡ. ಇಷ್ಟು ವರ್ಷ ಮಲಗಿದಾರೆ, ಈಗ ಅಗೆದು ತೊಂದರೆ ಕೊಡಬೇಡಿ. ಅಪ್ಪ ಸರಿಯಾದ ಜಾಗದಲ್ಲೇ ಇದಾರೆ. ನಿಮ್ಮ ಗೋಡೆ ಸರಿಯಾದ ಜಾಗದಲ್ಲಿಲ್ಲ."

ಅಸಹೇಲ್ ನೆಟ್ಟಗೆ ಗುಡ್ಡ ಹತ್ತಿ, ಕೋಟು ಬಿಚ್ಚಿ ಗೇಟಿಗೆ ನೇತುಹಾಕಿ, ಗೋಡೆಯ ಮೇಲಿನ ಕಲ್ಲೊಂದನ್ನು ಎತ್ತಿಕೊಂಡ. ಅವನ ಹಿಂದೆ ಉಳಿದವರೂ ಬಂದರು. ಹಬ್ಬದ ಬಟ್ಟೆಯೆಲ್ಲ ಮಣ್ಣಾಯಿತು, ಅವರೆಕಾಳಿನ ಪಲ್ಯ ಆರಿ ತಣ್ಣಗಾಯಿತು. ಸಂಜೆಯ ಹೊತ್ತಿಗೆ ಗೋಡೆ ಅಲ್ಲಿಂದ ಬಾಗಿ ಲೇವಿಯ ಸಮಾಧಿಯನ್ನು ಬಳಸಿಕೊಂಡು ಬಂದಿತ್ತು.

ಹುಲ್ಡಾ ಒಳಗೆ ಹೋಗಿ ಅಪ್ಪನ ಪಕ್ಕದ ಹುಲ್ಲಿನ ಮೇಲೆ ಬೂಟು ಸಮೇತ ಅಂಗಾತ ಮಲಗಿದಳು. ನಾವೆಲ್ಲ ಗಾಬರಿಯಾಗಿ ಓಡಿದೆವು.

"ಏನಿಲ್ಲ ಅತ್ತಿಗೆ," ಎಂದಳು, ಎರಡೂ ಕೆನ್ನೆ ಒದ್ದೆ, ಬಾಯಿತುಂಬ ನಗು. "ನಂಗೂ ಜಾಗ ಸಾಕಾಗತ್ತಾ ಅಂತ ನೋಡ್ದೆ."