ಕಾರಿಗೆ ತಲೆ ಯಾವ ಕಡೆ?

ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ನಂಜನಗೂಡಿನ ಮನೆಯಿಂದ ನಾನು ಪಾಠ ಮಾಡುತ್ತಿದ್ದ ದೇವನೂರಿನ ಶಾಲೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಹೋಗಿ ಸಾಕುಸಾಕಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಹಳೇ ಪೆಟ್ರೋಲ್ ಕಾರು ಕೊಂಡೆವು. ನಮ್ಮ ಯಜಮಾನರಿಗೆ ಡ್ರೈವಿಂಗ್ ಬಾರದು. ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂರುವುದಷ್ಟೇ ಬರುತ್ತಿತ್ತು.

ಎರಡನೇ ವರ್ಷಕ್ಕೆ ಕಾರು ಏರು ಕಂಡರೆ ಗಕ್ಕನೆ ನಿಲ್ಲತೊಡಗಿತು. "ದಾರೀಲಿ ಒಬ್ಳೇ ನಿಂತ್ಕೋತೀಯ, ನಂಗೆ ಇಲ್ಲಿ ಜೀವ ಹೋದಂಗಾಗುತ್ತೆ. ಕೊಟ್ಬಿಡಣ" ಎಂದರು ಯಜಮಾನರು. ಸೋಮವಾರ ನೋಡಿಕೊಂಡು ಹೋಗಲು ಒಬ್ಬರಿಗೆ ಹೇಳಿಯೂ ಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಮತ್ತೆ ಬಸ್ಸೇ? ಸುತರಾಂ ಆಗದು.

ಶನಿವಾರ ಸೋಸಲೆಯ ತಂಗಿ ಮನೆಗೆ ಬಸ್ಸಿನಲ್ಲಿ ಹೋಗಿದ್ದವಳು ಬರುವಾಗ ಟಿ. ನರಸೀಪುರದಲ್ಲಿ ಇಳಿದು, ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ಕಾರಿನ ಕಾಯಿಲೆ ವಿವರಿಸಿದೆ. ಪೆಟ್ರೋಲು ಸೋಸುವ ಫಿಲ್ಟರ್ ಕಸ ಕಟ್ಟಿಕೊಂಡಿದೆ ಎಂದು ಹೊಸದೊಂದನ್ನು ಕೊಟ್ಟ. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಡಬ್ಬಿ, ಎರಡು ತುದಿಗೂ ಮೂತಿ, ಮೈಮೇಲೊಂದು ಬಾಣದ ಗುರುತು.

"ನೀವೇ ಆಕ್ಬೋದು ಕಣಕ್ಕ. ಬಾಣ ತಲೆ ಕಡೀಕೆ ಇರ್ಲಿ, ಅಷ್ಟೆಯ."

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಬ್ಯಾಟರಿ ವೈರು ಕಳಚಿ, ಹಳೇ ಫಿಲ್ಟರಿನ ಎರಡೂ ಪೈಪು ಬಿಡಿಸಿದೆ. ಯಜಮಾನರು ಒಂದು ಬಕೆಟ್ ಮರಳು ಹಿಡಿದು ಮಾರು ದೂರ ನಿಂತರು. ಫಿಲ್ಟರನ್ನು ಬಿಸಿಲಿಗೆ ಹಿಡಿದರೆ, ಅಬ್ಬಾ, ಒಳಗೆ ಕಾಗದ! ಸೀರೆಯ ನೆರಿಗೆಯ ಹಾಗೆ ಮಡಿಸಿದ ಕಾಗದ. ಸಂದಿಸಂದಿಯಲ್ಲೂ ಕಪ್ಪು ಹೂಳು. ಇದು ತುಕ್ಕೋ, ದೂಳೋ? ಇಷ್ಟು ದಿನ ಪೆಟ್ರೋಲು ಇದರಲ್ಲಿ ನುಸುಳಿದ್ದಾದರೂ ಹೇಗೆ? ತಿರುಗಿಸಿ ತಿರುಗಿಸಿ ನೋಡುತ್ತಾ ಕೈಲಿದ್ದ ಕೆಲಸವೇ ಮರೆತುಹೋಯಿತು.

"ಪಾಠ ಆಮೇಲೆ ಮಾಡುವಂತೆ, ಮೊದ್ಲು ಹಾಕೇ" ಎಂದರು ಯಜಮಾನರು.

ಹಾಕಿದೆ. ಬಾಣವನ್ನು ಟ್ಯಾಂಕಿನ ಕಡೆಗೇ ತಿರುಗಿಸಿ ಹಾಕಿದೆ. ನಾನು ಹುಟ್ಟಿ ಬೆಳೆದದ್ದು ಹುಲ್ಲಹಳ್ಳಿಯಲ್ಲಿ. ಅಪ್ಪ ನಾಲೆಯ ನೀರುಗಂಟಿ, ಗದ್ದೆಗಳಿಗೆ ನೀರು ಬಿಡುವವನು. ನೀರು ಹೊರಡುವ ಕಡೆ ತಲೆ, ಕೊನೇ ಗದ್ದೆಯ ಕಡೆ ಬಾಲ ಅಂತ ಕೇಳಿಕೊಂಡೇ ದೊಡ್ಡವಳಾದವಳು. ಪೆಟ್ರೋಲು ಹೊರಡುವುದು ಟ್ಯಾಂಕಿನಿಂದ ತಾನೇ? ಹರಿಯುವ ದಿಕ್ಕಿಗೆ ಬಾಣ ಹಾಕಿ ಎಂದು ಮಕ್ಕಳಿಗೆ ವಿಜ್ಞಾನ ಪಾಠದಲ್ಲಿ ಬರೆಸುತ್ತಿದ್ದವಳೂ ನಾನೇ. ಆ ಹೊತ್ತಿಗೆ ಆ ಪಾಠ ಮಾತ್ರ ನೆನಪಾಗಲಿಲ್ಲ.

ಸ್ಟಾರ್ಟ್ ಏನೋ ಚೆನ್ನಾಗಿಯೇ ಆಯಿತು. ಊರಾಚೆಯ ಏರಿನಲ್ಲಿ ಮತ್ತೆ ಗಕ್ಕ! ಯಜಮಾನರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಬೈದಿದ್ದರೇ ವಾಸಿಯಿತ್ತು. ಆಗಾಗ ನಿಲ್ಲುತ್ತಾ ಹೇಗೋ ಮನೆ ಸೇರಿದವಳೇ ಅಂಗಡಿಗೆ ಫೋನು ಮಾಡಿದೆ.

"ನೀವು ಹೇಳ್ದಂಗೇ ತಲೆ ಕಡೆಗೆ ಹಾಕಿದ್ದೀನಲ್ರೀ, ಟ್ಯಾಂಕ್ ಕಡೆಗೆ!"

"ಅಯ್ಯೋ ಅಕ್ಕ, ಟ್ಯಾಂಕ್ ಯಾಕೆ ತಲೆ ಆದದು? ತಲೆ ಅಂದ್ರೆ ಇಂಜಿನ್ನು!"

"ಹೊರಡೋ ಕಡೆ ತಾನೇ ತಲೆ?"

"ಅದು ನಾಲೆಗೆ ಕಣಕ್ಕ, ಕಾರ್‌ಗಲ್ಲ!" ಅವನ ನಗು ನಿಲ್ಲುವವರೆಗೂ ಕಾಯಬೇಕಾಯಿತು. ನಾಚಿಕೆಯಾಯಿತು, ನಗುವೂ ಬಂತು. ಇಂಜಿನ್ನಿನ ಬಿಸಿ ಆರಲು ಬಿಟ್ಟು, ಫಿಲ್ಟರ್ ತಿರುಗಿಸಿ ಹಾಕಿದೆ. ಈ ಸಲ ಅದೇ ಏರನ್ನು ಮೂರು ಬಾರಿ ಹತ್ತಿಸಿದೆ.

ಸೋಮವಾರ ಸಂಜೆ ಕೊಳ್ಳುವವನು ಬಂದ. ಕಾರನ್ನು ಏರು ಹತ್ತಿಸಿಕೊಂಡು ಬಂದವನ ಮುಖ ಅರಳಿತ್ತು. "ಗಾಡಿ ಸಕತ್ತಾಗಯ್ತೆ. ಯಾವ ಮೆಕ್ಯಾನಿಕ್ ಸಾ ಮಾಡಿದ್ದು?" ಎಂದು ಯಜಮಾನರನ್ನು ಕೇಳಿದ. ರಿಪೇರಿ ಮಾಡಿ, ನನ್ನ ಕಾರನ್ನು ನಾನೇ ಅವನ ಕೈಗೆ ಕೊಟ್ಟ ಹಾಗಾಯಿತಲ್ಲ!

"ಇವಳೇ ಮಾಡಿದ್ದು" ಎಂದರು ಯಜಮಾನರು. ಅವನ ಕೈಯಿಂದ ಕೀ ತೆಗೆದುಕೊಂಡರು. "ಬೇಜಾರು ಮಾಡ್ಕೋಬೇಡಿ, ಕೊಡಲ್ಲ ಕಣ್ರೀ. ಇನ್ಮೇಲೆ ದಾರೀಲಿ ನಿಂತ್ರೂ ಇವಳೇ ಸರಿ ಮಾಡ್ಕೊಂಡು ಮನೆಗೆ ಬತ್ತಾಳೆ."